ಸೈಫೆನ್‌ನ ಆ ಅಮ್ಮನಿಗೆ
ಜರ್ಮನಿಯ ಸೈಫೆನ್, ತವರದ ಗಣಿ ಸೊರಗಿದ ಮೇಲೆ ಮರದ ಗೊಂಬೆ ಕಡೆದೇ ಬದುಕು ಕಟ್ಟಿಕೊಂಡ ಊರು. ಡ್ರೆಸ್ಡೆನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತೀರಿಹೋಗುವ ಮುಂಚೆ ನನ್ನ ಮಗಳಿಗೆ ಕೊಟ್ಟಿದ್ದ, ಒಳಗೆ ಧೂಪವಿಟ್ಟರೆ ಬಾಯಿಂದ ಹೊಗೆ ಬಿಡುವ ಮರದ ಗೊಂಬೆಯ ಕೈ, ಮನೆ ಬದಲಿಸುವಾಗ ಮುರಿದಿತ್ತು. ಕ್ರಿಸ್‌ಮಸ್ ಮುಂಚಿನ ಭಾನುವಾರ ಅದನ್ನು ಸರಿಮಾಡಿಸಲು ಸೈಫೆನ್‌ನ ಒಂದು ಗೊಂಬೆ ಕಾರ್ಯಾಗಾರಕ್ಕೆ ಹೋದೆವು. ಅಪ್ಪ-ಮಕ್ಕಳು ಸೇರಿ ನಡೆಸುವ ಆ ಕಾರ್ಯಾಗಾರದಲ್ಲಿ ಮಕ್ಕಳನ್ನು ಕೂರಿಸಿ ಗೊಂಬೆಗೆ ಬಣ್ಣ ಹಚ್ಚಿಸುವ ಗದ್ದಲ, ಕಾಲಿಡಲು ಜಾಗವಿಲ್ಲ. ಕೌಂಟರ್‌ನಲ್ಲಿದ್ದ ಹಿರಿಯ ಹೆಂಗಸು ಗೊಂಬೆಯನ್ನು ತಿರುಗಿಸಿ ನೋಡಿ ನಮ್ಮನ್ನು ಒಳಗೆ ಕರೆದರು. ಡಬ್ಬಿಯಲ್ಲಿ ತಡಕಿ ಅಳತೆಗೆ ಸರಿಯಾದ ಕೈಯೊಂದನ್ನು ತೆಗೆದು, ಉಜ್ಜಿ, ಹಳೇ ಬಣ್ಣಕ್ಕೆ ಹೊಂದುವಂತೆ ಕುಂಚ ಆಡಿಸಿದರು. ಅಂಟು ಕಚ್ಚುವವರೆಗೂ ಹೆಬ್ಬೆರಳಲ್ಲೇ ಒತ್ತಿ ಹಿಡಿದಿದ್ದರು. ಆಮೇಲೆ ಧೂಪ ಹಚ್ಚಿ ಒಳಗಿಟ್ಟರು. ಗೊಂಬೆಯ ಬಾಯಿಂದ ಹೊಗೆ ಬಂತು, ಮಗಳು ನಕ್ಕಳು, ನನಗೆ ಹೋದ ಜೀವ ಬಂದಂತಾಯಿತು. ದುಡ್ಡು ಕೊಡಹೋದರೆ ಬೇಡವೆಂದು ಕೈಯಾಡಿಸಿದರು. ಆ ನೂಕುನುಗ್ಗಲಲ್ಲಿ ಹೆಸರು ಕೇಳಲೂ ಆಗಲಿಲ್ಲ. ಅಮ್ಮಾ, ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.