ಲೈಪೋ ಸಿಗದ ಆ ರಾತ್ರಿ

ನಿನ್ನೆ ಎಂಆರ್‌ಐ ರಿಪೋರ್ಟ್ ಬಂತು. ಫಂಗಸ್ ಎಲ್ಲೂ ಇಲ್ಲ. ಫಂಗಸ್‌ಗೆಂದು ನುಂಗುತ್ತಿದ್ದ ಪೋಸಾಕೊನಜೋಲ್ ಮಾತ್ರೆಯನ್ನೂ ಇನ್ನು ನಿಲ್ಲಿಸಬಹುದು ಎಂದರು ಡಾಕ್ಟರು. 2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಬಂದು ನಾನು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ, ಆ ಕಥೆ ಮತ್ತೆ ಹೇಳುವುದಿಲ್ಲ.

ದುಡ್ಡು ಹೊಂದಿಸಿದ ಆಫೀಸಿನ ಗೆಳೆಯರು, ಇಂಜೆಕ್ಷನ್‌ಗಾಗಿ ಊರೆಲ್ಲ ಫೋನ್ ಮಾಡಿದವರು, ವಾರ್ಡಿನ ಸಿಸ್ಟರ್‌ಗಳು, ಗಂಜಿ ಕಳಿಸಿದ ಎದುರುಮನೆ ಆಂಟಿ, ಎಲ್ಲರಿಗೂ ಕೈಮುಗಿಯುತ್ತೇನೆ.

ಭಾವನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ನನಗೆ ಕೊಡುತ್ತಿದ್ದದ್ದು ಲೈಪೋಸೋಮಲ್ ಆಂಫೋಟೆರಿಸಿನ್ ಬಿ, ಫಂಗಸ್ ಕೊಲ್ಲುವ ಇಂಜೆಕ್ಷನ್. ವಾರ್ಡಿನಲ್ಲಿ ಅದು ಬರೀ 'ಲೈಪೋ'. ಕಿಲೋ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕ. ನನ್ನ 60 ಕಿಲೋಗೆ ದಿನಕ್ಕೆ 50 ಮಿಲಿಗ್ರಾಮಿನ 6 ವಯಲ್ ಬೇಕು. ಆಗ ದೇಶದಲ್ಲೆಲ್ಲ ಅದಕ್ಕೇ ಹಾಹಾಕಾರ. ಒಂದು ಸಂಜೆ ಸ್ಟಾಕ್ ಖಾಲಿ. ಸಾದಾ ಆಂಫೋ ಹಾಕಿದರು.

ಎರಡರಲ್ಲೂ ಔಷಧಿ ಒಂದೇ. ಲೈಪೋದಲ್ಲಿ ಅದು 100 ನ್ಯಾನೋಮೀಟರಿಗಿಂತ ಸಣ್ಣ ಕೊಬ್ಬಿನ ಗುಳ್ಳೆಯ ಗೋಡೆಯೊಳಗೆ ಸೇರಿಕೊಂಡಿರುತ್ತದೆ. ಗುಳ್ಳೆ ಹೋಗಿ ಫಂಗಸ್‌ಗೆ ಅಂಟಿಕೊಳ್ಳುತ್ತದೆ, ಔಷಧಿ ಅಲ್ಲಿ ಇಳಿಯುತ್ತದೆ. ಕಿಡ್ನಿಗೆ ಬೀಳುವ ಪೆಟ್ಟು ಕಡಿಮೆ. ಸಾದಾದಕ್ಕೆ ಆ ಗುಳ್ಳೆ ಇಲ್ಲ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಅವತ್ತು ಗೊತ್ತಾಗಿದ್ದು ಮೈಗೆ.

ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ನಡುಕ ಹಿಡಿಯಿತು. ಹಲ್ಲು ಕಟಕಟ, ಮಂಚವೇ ಅಲುಗಾಡುತ್ತಿತ್ತು. ಭಾವ ತಾವು ಹೊದ್ದಿದ್ದ ಶಾಲು ತೆಗೆದು ನನ್ನ ಕಾಲಿಗೆ ಸುತ್ತಿದರು. ಸೂಜಿ ಕಿತ್ತು ಬರದ ಹಾಗೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಬೆಳಗಿನವರೆಗೆ ಕೂತರು. "ಸಾಕು ಭಾವ, ಕಿತ್ತುಹಾಕಿ, ಸತ್ತರೆ ಸಾಯ್ತೀನಿ" ಎಂದೆ. ಬೈಯಲಿಲ್ಲ, ಧೈರ್ಯದ ಮಾತೂ ಆಡಲಿಲ್ಲ. "ಅರ್ಧ ಬಾಟ್ಲಿ ಆಯ್ತು ನೋಡೋ" ಎಂದರು. ಆಗಿರಲಿಲ್ಲ. ಆ ಹಳದಿ ನೀರು ಎಲ್ಲಿವರೆಗಿದೆ ಅಂತ ನನಗೂ ಕಾಣುತ್ತಿತ್ತು. ಆದರೂ ಅವರು ಹಾಗೆ ಅಂದಾಗಲೆಲ್ಲ ಇನ್ನೊಂದು ಸ್ವಲ್ಪ ತಡೆದುಕೊಂಡೆ.

ನಾನು ಹಾಗೆ ಅಂದೆ ಅಂತ ಭಾವ ಇವತ್ತಿಗೂ ಅಕ್ಕನಿಗೆ ಹೇಳಿಲ್ಲ. ಅಕ್ಕಾ, ಇಲ್ಲಿ ಓದಿ ಅಳಬೇಡ. ಮುಗೀತಲ್ಲ.

1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗಮ್ ಮೈಕ್ರೋಸ್ಕೋಪಿನಲ್ಲಿ ಲೈಪೋದಲ್ಲಿರುವಂಥ ಕೊಬ್ಬಿನ ಗುಳ್ಳೆಗಳನ್ನು ಕಂಡರು. ಜೀವಕೋಶದ ಪೊರೆ ಹೇಗಿರುತ್ತದೆ ಅನ್ನುವುದು ಅವರ ಕುತೂಹಲ. ಅದರಿಂದ ನನ್ನಂಥವನ ಕಿಡ್ನಿ ಉಳಿಯಿತು ನೋಡಿ. ಅವರಿಗೂ ಒಂದು ನಮಸ್ಕಾರ.

ಭಾವ, ಭಾನುವಾರ ಊಟಕ್ಕೆ ಬನ್ನಿ. ಹೋಳಿಗೆ ಮಾಡಿಸ್ತೀನಿ. ಆ ಹಳದಿ ಶರ್ಟ್ ಮಾತ್ರ ಹಾಕ್ಕೊಂಡು ಬರಬೇಡಿ.