ಶನಿವಾರದ ಓದುಸಭೆ: ಅಡ್ರಿನಲ್ ಗ್ರಂಥಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10.30ಕ್ಕೆ ಧಾರವಾಡದಲ್ಲಿ, ಎಂದಿನ ಕೋಣೆಯಲ್ಲೇ ಸೇರೋಣ. ಗಂಡು ಹಾರ್ಮೋನುಗಳು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕಿಣ್ವಗಳನ್ನು ಹೇಗೆ ಏರಿಳಿಸುತ್ತವೆ ಎಂಬುದು ವಿಷಯ. ಎಂ.ಎಸ್ಸಿ. ಅಂತಿಮ ವರ್ಷದವರು ತಪ್ಪಿಸಬೇಡಿ.

ಓದುವಾಗ ಪ್ರಾಣಿ ಯಾವುದೆಂದು ಮೊದಲು ನೋಡಿ. ದೊಡ್ಡ ಇಲಿಯಲ್ಲಿ (ರ್‍ಯಾಟ್) ವೃಷಣ ತೆಗೆದರೆ ಅಡ್ರಿನಲ್‌ನ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಚಟುವಟಿಕೆ ಏರುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೊಟ್ಟರೆ ಇಳಿಯುತ್ತದೆ. ಈ ಕಿಣ್ವ ಅಡ್ರಿನಲ್‌ನ ಹಾರ್ಮೋನಾದ ಕಾರ್ಟಿಕೋಸ್ಟೆರಾನನ್ನು ಬೇರೆ ರೂಪಕ್ಕೆ ತಿರುಗಿಸುವುದರಿಂದ ಗ್ರಂಥಿಯಿಂದ ಹೊರಬರುವ ಕಾರ್ಟಿಕೋಸ್ಟೆರಾನ್ ಪ್ರಮಾಣವೂ ಬದಲಾಗುತ್ತದೆ. ಚಿಕ್ಕಿಲಿಯ (ಮೌಸ್) ಕಥೆಯೇ ಬೇರೆ. ಅದರ ಅಡ್ರಿನಲ್‌ನಲ್ಲಿ ಒಳಗಿನ ತಿರುಳಿಗೆ (ಮೆಡುಲ್ಲಾ) ಅಂಟಿಕೊಂಡ ಎಕ್ಸ್ ವಲಯ ಎಂಬ ಪದರವಿದೆ. ಗಂಡು ಪ್ರಾಯಕ್ಕೆ ಬಂದಾಗ ಅದು ಕರಗುತ್ತದೆ. ಅದರೊಂದಿಗೆ ಅಲ್ಲಿನ 20-ಆಲ್ಫಾ ಹೈಡ್ರಾಕ್ಸಿಸ್ಟೆರಾಯ್ಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಕೂಡ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಅತಿ ಸೊಗಸಾದ ಭಾಗವಿದು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ, ಅದರಲ್ಲೂ ಮನುಷ್ಯರಿಗೆ, ದಯವಿಟ್ಟು ಅಂಟಿಸಬೇಡಿ.

ಸ್ಲೈಡ್‌ಗಳನ್ನೂ ನೋಡಲಿದ್ದೇವೆ. ಡಿಹೈಡ್ರೋಜಿನೇಸ್ ಕಿಣ್ವ ಕೆಲಸ ಮಾಡಿದ ಕಡೆ ಫಾರ್ಮಜಾನ್ ಎಂಬ ಬಣ್ಣದ ವಸ್ತುವಿನ ನೀಲಿ-ನೇರಳೆ ಕಣಗಳು ಕಾಣುತ್ತವೆ. ಬಣ್ಣ ಹಾಕದ ಹೋಲಿಕೆಯ ಸ್ಲೈಡ್ ಇರುವವರು ಅದನ್ನೂ ತನ್ನಿ.

ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರು ಅರ್ಧ ಗಂಟೆ ಮುಂಚೆಯೇ ಹೊರಡಿ. ಬರುತ್ತೀರೋ ಇಲ್ಲವೋ ಎಂಬುದನ್ನು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಸೂಕ್ಷ್ಮದರ್ಶಕಗಳನ್ನು ಅಷ್ಟಕ್ಕೆ ತಕ್ಕಂತೆ ಕೇಳಿ ಇಡಬೇಕು.