ಎರಡನೆಯ ದಾರಿ ಸತ್ತಿದ್ದರೆ ಯಾರಿಗೆ ತಿಳಿಯುತ್ತದೆ

ಚಿರಂಜೀವಿ ಪುಟ್ಟಿಗೆ,

ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಉಳಿದ ವಿಷಯಗಳೆಲ್ಲ ನಿನ್ನ ಅಮ್ಮನೊಡನೆ ಫೋನಿನಲ್ಲಿ ಆಗಿರುವುದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ನೀನು ಈಗ ಪರಿಶೀಲಿಸುತ್ತಿರುವ ಲಿನಕ್ಸ್ ಡ್ರೈವರಿನ ಪ್ಯಾಚಿನ (ಬೇರೆಯವರು ಕಳಿಸಿದ ಕೋಡಿನ ತಿದ್ದುಪಡಿಯ) ಬಗ್ಗೆ ಮೂರನೆಯ ಪುಟದ ಕೊನೆಗೆ ಬರೆದಿರುವ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. "ಮಾವ, ರಿಂಗಿನ ಎರಡು ದಾರಿಗಳಲ್ಲಿ ಒಂದು ಮೊದಲಿನಿಂದಲೂ ಕೆಲಸ ಮಾಡದೇ ಇದ್ದರೂ ಕಳಿಸಿದವರ ಪರೀಕ್ಷೆಗಳು ಪಾಸಾಗುತ್ತವೆ. ನನ್ನ ಬಳಿ ಓಡಿಸಿ ನೋಡಲು ಆ ಚಿಪ್ಪಿನ ಬೋರ್ಡೂ ಇಲ್ಲ. ನಾನು ಸರಿಯಿದೆ ಎಂದು ಹೆಸರು ಹಾಕಿದ ಮೇಲೆ, ಅದು ಸರಿಯಿರಲಿಲ್ಲ ಎಂದು ತಿಳಿಯುವುದು ಇನ್ನೊಂದು ದಾರಿಯೂ ಹೋದ ದಿನವೇ ಅಲ್ಲವೇ?" ಇಷ್ಟು ಬರೆದು ಮುಂದಿನ ಸಾಲಿನಲ್ಲೇ ನೀನು ದೀಪಾವಳಿಯ ರಜೆಯ ಮಾತಿಗೆ ಹೋಗಿದ್ದೀಯೆ. ನನಗೆ ಹಾಗೆ ಮುಂದೆ ಹೋಗಲಾಗಲಿಲ್ಲ.

ಹೆದರಬೇಡ, ಎಲ್ಲ ಸರಿಹೋಗುತ್ತದೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ನಿನ್ನ ಹೆದರಿಕೆಗೆ ಆಧಾರವಿದೆ. ಎಚ್‌ಎಸ್‌ಆರ್ ಎಂದರೆ ಉಪಕರಣಗಳನ್ನು ರಿಂಗಿನಂತೆ ಜೋಡಿಸಿ, ಪ್ರತಿ ಸಂದೇಶವನ್ನೂ ಎರಡು ದಾರಿಯಲ್ಲಿ ಕಳಿಸುವ ಜಾಲದ ವಿಧಾನ. ಎಚ್‌ಎಸ್‌ಆರ್‌ನ ಹೆಚ್ಚುಗಾರಿಕೆ ಯಾವುದೋ ಅದರ ಅಪಾಯವೂ ಅದೇ. ಸ್ಪ್ಯಾನಿಂಗ್ ಟ್ರೀ ಎಂಬ ಹಳೆಯ ವಿಧಾನವನ್ನು ನಂಬಿದ್ದ ಜಾಲಗಳಲ್ಲಿ ಒಂದು ಕೇಬಲ್ ಕಡಿದರೆ, ಬೇರೆ ದಾರಿ ಹಿಡಿಯುವವರೆಗೆ ಸಂಚಾರ ಒಂದಿಷ್ಟು ಹೊತ್ತು ನಿಲ್ಲುತ್ತಿತ್ತು, ಹಾಗೆ ನಿಂತದ್ದರಿಂದಲೇ ಏನೋ ಕೆಟ್ಟಿದೆ ಎಂದು ಸ್ಟೇಷನ್ನಿನವರಿಗೆ ಗೊತ್ತಾಗುತ್ತಿತ್ತು. ಐಇಸಿ 62439-3, ಅಂದರೆ ಎಚ್‌ಎಸ್‌ಆರ್‌ನ ಮಾನದಂಡ, ಆ ನಿಲುಗಡೆಯನ್ನು ಸೊನ್ನೆಗೆ ಇಳಿಸಿತು. ಪ್ರತಿ ಫ್ರೇಮಿಗೂ, ಅಂದರೆ ಜಾಲದಲ್ಲಿ ಹೋಗುವ ಪ್ರತಿ ಸಂದೇಶಕ್ಕೂ, 6 ಬೈಟಿನ ಟ್ಯಾಗ್ ಸೇರಿಸಿ, ಅದರಲ್ಲೊಂದು ಕ್ರಮಸಂಖ್ಯೆಯಿಟ್ಟು, ರಿಂಗಿನ ಎರಡೂ ದಿಕ್ಕಿಗೆ ಒಂದೊಂದು ಪ್ರತಿ ಕಳಿಸುವುದು. ಮೊದಲು ಬಂದದ್ದನ್ನು ಇಟ್ಟುಕೊಂಡು ಹಿಂದೆ ಬಂದದ್ದನ್ನು ಎಸೆಯುವುದು. 50 ಹರ್ಟ್ಸ್ ಸಬ್‌ಸ್ಟೇಷನ್ನಿನಲ್ಲಿ ಆವರ್ತಕ್ಕೆ 80ರಂತೆ ಸೆಕೆಂಡಿಗೆ 4,000 ಸ್ಯಾಂಪಲ್ ಕಳಿಸುವ ಮರ್ಜಿಂಗ್ ಯೂನಿಟ್ಟುಗಳು (ಕರೆಂಟು, ವೋಲ್ಟೇಜುಗಳ ಅಳತೆಯನ್ನು ಅಂಕಿಗಳಾಗಿ ಕಳಿಸುವ ಪೆಟ್ಟಿಗೆಗಳು) ಇರುವಾಗ ಇಂಥ ಏರ್ಪಾಡು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ದಾರಿ ಸತ್ತರೂ ಯಾರಿಗೂ ಏನೂ ಅನ್ನಿಸದಂತೆ ಮಾಡುವುದೇ ಅದರ ಉದ್ದೇಶವಾದ್ದರಿಂದ, ಸತ್ತದ್ದನ್ನು ತಿಳಿಸಲು ಬೇರೆಯೇ ಒಂದು ಕಣ್ಣು ಬೇಕಾಗುತ್ತದೆ.

ನಾನು ರಿಲೇ ಟೆಸ್ಟಿಂಗ್ ವಿಭಾಗದಲ್ಲಿದ್ದ ದಿನಗಳ ಒಂದು ಸಂಗತಿಯನ್ನು ನಿನಗೆ ಎಂದೂ ಹೇಳಿರಲಿಲ್ಲ. 220 ಕೆವಿ ಬ್ರೇಕರಿಗೆ ಅದನ್ನು ತೆರೆಸುವ ಎರಡು ಟ್ರಿಪ್ ಕಾಯಿಲುಗಳು, ಎರಡಕ್ಕೂ ಬೇರೆ ಬೇರೆ ಬ್ಯಾಟರಿಯಿಂದ ಡಿಸಿ. ಫಾಲ್ಟನ್ನು ಗುರುತಿಸುವ ರಿಲೇ ಕೆಲಸ ಮಾಡಿದಾಗ ಎರಡಕ್ಕೂ ಒಟ್ಟಿಗೆ ಆಜ್ಞೆ ಹೋಗುತ್ತದೆ, ಯಾವುದೊಂದು ಎಳೆದರೂ ಬ್ರೇಕರ್ ತೆರೆಯುತ್ತದೆ. ಒಂದು ಸ್ಟೇಷನ್ನಿನಲ್ಲಿ ಲೈನ್ ಕ್ಲಿಯರ್ ಪಡೆದು ಪರೀಕ್ಷೆಗೆ ಇಳಿದಾಗ, ನಮ್ಮ ಹಿರಿಯ ಇಂಜಿನಿಯರರೊಬ್ಬರು ವಾಡಿಕೆಯಂತೆ ಟ್ರಿಪ್ ಕೊಟ್ಟು ನೋಡುವ ಬದಲು ಮೊದಲನೆಯ ಡಿಸಿಯ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಈಗ ಕೊಡು ಎಂದರು. ಬ್ರೇಕರ್ ತೆರೆಯಲಿಲ್ಲ. ಕ್ಯೂಬಿಕಲ್ಲಿನ ಬಾಗಿಲು ತೆಗೆದು ಎರಡನೆಯ ಕಾಯಿಲಿನ ತಂತಿಯನ್ನು ಟರ್ಮಿನಲ್ಲಿನಿಂದ ಬಿಚ್ಚಿ ನೋಡಿದರೆ, ತಂತಿಯ ತುದಿಗೆ ಅದುಮುವ ಲೋಹದ ಲಗ್ಗಿನೊಳಗೆ ತಾಮ್ರದ ಎಳೆಗಳ ಬದಲು ಅದರ ಮೇಲಿನ ಪಿವಿಸಿ ಹೊದಿಕೆಯನ್ನೇ ಅದುಮಿದ್ದರು. ಸ್ಕ್ರೂ ಬಿಗಿಯಾಗಿತ್ತು, ಫೆರೂಲಿನ ಮೇಲಿನ ನಂಬರು ಡ್ರಾಯಿಂಗಿಗೆ ಸರಿಯಾಗಿ ಹೊಂದುತ್ತಿತ್ತು, ಹೊರಗಿನಿಂದ ಯಾರು ನೋಡಿದರೂ ಒಪ್ಪುವಂತಿತ್ತು. ಕಮಿಷನಿಂಗ್ ದಿನದಿಂದಲೂ ಅದು ಹಾಗೆಯೇ ಇದ್ದಿರಬೇಕು. ಅಲ್ಲಿಯವರೆಗಿನ ಪ್ರತಿ ಫಾಲ್ಟಿಗೂ ಬ್ರೇಕರ್ ಸರಿಯಾಗಿ ತೆರೆದಿತ್ತು, ಏಕೆಂದರೆ ಮೊದಲನೆಯ ಕಾಯಿಲ್ ಪ್ರತಿಸಲವೂ ತನ್ನ ಕೆಲಸ ಮಾಡಿತ್ತು. ನೀನು ಬರೆದ ಸಾಲನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಲಗ್ಗೇ.

ಈಗ ನಿನ್ನ ಕೋಡಿನ ವಿಷಯ. ಚಿಪ್‌ನ ಹೆಸರನ್ನು ನೀನು ಬರೆದಿಲ್ಲ, ಬರೆಯದಿದ್ದುದೇ ಸರಿ. ಆದ್ದರಿಂದ ಎಲ್ಲರೂ ನೋಡಬಹುದಾದ ಡ್ರೈವರುಗಳನ್ನೇ ಹಿಡಿದು ಬರೆಯುತ್ತೇನೆ. ನಾನು ಫರ್ಮ್‌ವೇರ್ ಬಿಟ್ಟು ಕಾಲವಾಗಿದೆ, ತಪ್ಪಿದ್ದರೆ ತಿದ್ದಿಕೋ.

ಒಂದು ಪೋರ್ಟು ಎಚ್‌ಎಸ್‌ಆರ್‌ನ ಡ್ಯೂಪ್ ಫ್ಲ್ಯಾಗ್ ಹೊತ್ತಿದ್ದರೆ, ಎರಡನೆಯ ಪ್ರತಿಯನ್ನು ಮಾಡುವ ಕೆಲಸ ಚಿಪ್ಪಿನದು ಎಂದು ನಂಬಿ ಕರ್ನಲ್ (ಲಿನಕ್ಸಿನ ತಿರುಳು) ಫ್ರೇಮನ್ನು ಒಂದೇ ಪೋರ್ಟಿನಿಂದ ಒಂದೇ ಸಲ ಕಳಿಸುತ್ತದೆ. ಅಲ್ಲಿಂದ ಮುಂದೆ ಎರಡೂ ಪೋರ್ಟುಗಳ ಬಿಟ್ಟುಗಳನ್ನು, ಯಾವ ಪೋರ್ಟಿನಿಂದ ಕಳಿಸಬೇಕೆಂದು ಚಿಪ್ಪಿಗೆ ಹೇಳುವ ಡಿಎಸ್‌ಎ ಟ್ಯಾಗಿನಲ್ಲಿ ಏರಿಸುವ ಹೊಣೆ ಟ್ಯಾಗರ್ ಫೈಲಿನಲ್ಲಿರುವ ನಾಲ್ಕಾರು ಸಾಲುಗಳದು. ಫ್ಲ್ಯಾಗ್ ಒಂದು ಫೈಲಿನಲ್ಲಿ, ಬಿಟ್ಟು ಇನ್ನೊಂದು ಫೈಲಿನಲ್ಲಿ. ಮೊದಲನೆಯದು ಇದ್ದು ಎರಡನೆಯದು ತಪ್ಪಿದರೆ, ಕೇಬಲ್ಲುಗಳೆಲ್ಲ ನೆಟ್ಟಗಿರುವಷ್ಟು ದಿನ ಪಿಂಗ್ ಓಡುತ್ತಲೇ ಇರುತ್ತದೆ, ಆದರೆ ಇನ್ನೊಂದು ದಿಕ್ಕಿಗೆ ಒಂದು ಫ್ರೇಮೂ ಹೋಗಿರುವುದಿಲ್ಲ. ನಿನ್ನ ಭಯಕ್ಕೆ ಕೋಡಿನಲ್ಲಿ ಒಂದು ವಿಳಾಸವಿದೆಯೆಂದರೆ ಅದು ಇದೇ ಎಂದು ನನಗೆ ಅನ್ನಿಸುತ್ತದೆ. ಪ್ಯಾಚ್ ಕಳಿಸಿದವರನ್ನು, ಪಕ್ಕದ ನೋಡ್‌ನ ಎರಡೂ ಕಡೆಯಿಂದ ಹಿಡಿದ ಪ್ಯಾಕೆಟ್ ಕ್ಯಾಪ್ಚರ್ (ಬಂದುಹೋದ ಫ್ರೇಮುಗಳ ದಾಖಲೆ) ತೋರಿಸಿ ಎಂದೂ, ಒಂದು ಕೇಬಲ್ ಕಿತ್ತು ನೋಡಿದರೆ ಸಾಲದು, ಅದನ್ನು ಮತ್ತೆ ಹಾಕಿ ಇನ್ನೊಂದನ್ನೂ ಕೀಳಿ ಎಂದೂ ಕೇಳು. ಬೋರ್ಡ್ ಇಲ್ಲದವಳು ಕೇಳುವುದು ಹೇಗೆ ಎಂಬ ಸಂಕೋಚ ಬೇಡ. ಬೋರ್ಡ್ ಇಲ್ಲದಿರುವುದರಿಂದಲೇ ಕೇಳಬೇಕು.

ಆದರೂ ಅದು ಆ ಒಂದು ದಿನದ ಮಾತು. ದಾರಿ ಆಮೇಲೆಂದೋ ಸತ್ತರೆ? ಮತ್ತೆ ನಿನ್ನ ಪ್ರಶ್ನೆಗೇ ಬಂದು ನಿಲ್ಲುತ್ತೇನೆ. ಬರೀ ಸಾಫ್ಟ್‌ವೇರ್ ಎಚ್‌ಎಸ್‌ಆರ್‌ನಲ್ಲಿ ಎರಡೂ ಪ್ರತಿಗಳು ಕರ್ನಲ್ಲಿನವರೆಗೆ ಬರುತ್ತವೆ. ಯಾವ ನೋಡ್‌ನಿಂದ ಯಾವ ಪೋರ್ಟಿಗೆ ಕೊನೆಯ ಫ್ರೇಮ್ ಯಾವಾಗ ಬಂತು ಎಂಬುದನ್ನು ಅದು ನೋಡ್ ಟೇಬಲ್ಲಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಎರಡನೆಯ ಪ್ರತಿಯನ್ನು ಎಸೆಯುತ್ತದೆ. ಒಂದು ಪೋರ್ಟು ಇನ್ನೊಂದಕ್ಕಿಂತ 3 ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದರೆ ರಿಂಗ್ ಎರರ್ ಎಂದು, ಕರ್ನಲ್ ಹೊರಗಿನ ಪ್ರೋಗ್ರಾಮುಗಳಿಗೆ ಸುದ್ದಿ ಕೊಡುವ ನೆಟ್‌ಲಿಂಕ್‌ನಲ್ಲಿ ಕೂಗುತ್ತದೆ. ಎಸೆಯುವ ಕೆಲಸವನ್ನು ಚಿಪ್ಪಿಗೆ ವಹಿಸಿದ ಮೇಲೆ ಕರ್ನಲ್ಲಿಗೆ ಕಾಣುವುದು ಒಂದೇ ಪ್ರತಿ. ಕೆಲಸ ಹಗುರವಾಯಿತೆಂದು ನಾವು ಸಂತೋಷಪಡುತ್ತಿರುವಾಗ ಕಾವಲುಗಾರನ ಕಣ್ಣಿಗೂ ಬಟ್ಟೆ ಕಟ್ಟಿರುತ್ತೇವೆ.

2021ರಲ್ಲಿ ಲಿನಕ್ಸ್ 5.12ಕ್ಕೆ, ಕೆಲಸವನ್ನು ಹೀಗೆ ಚಿಪ್ಪಿಗೆ ವಹಿಸುವ ಈ ಆಫ್‌ಲೋಡ್ ಬಂದಾಗ ಅದರೊಡನೆ ಬಂದ ಎಕ್ಸ್‌ಆರ್‌ಎಸ್700ಎಕ್ಸ್ ಎಂಬ ಸ್ವಿಚ್ ಚಿಪ್ಪಿನ ಡ್ರೈವರನ್ನು ಓದು. ಅದನ್ನು ಬರೆದವರಿಗೆ ಈ ಮಾತು ಹೊಳೆದಿತ್ತು. ಸೂಪರ್‌ವಿಷನ್ ಫ್ರೇಮುಗಳಿಗೆ (ಪ್ರತಿ ನೋಡ್ ತಾನು ಬದುಕಿದ್ದೇನೆಂದು ಸಾರುವ ಫ್ರೇಮುಗಳಿಗೆ) ಮಾತ್ರ ಅವರು ಪ್ರತ್ಯೇಕ ಫಿಲ್ಟರ್ ಇಟ್ಟು, ನಕಲನ್ನು ಎಸೆಯದೆ ಎರಡನ್ನೂ ಸಿಪಿಯು ಪೋರ್ಟಿಗೆ ಕಳಿಸುತ್ತಾರೆ, ನೋಡ್ ಟೇಬಲ್ ಸರಿಯಾಗಿ ತುಂಬಲು ಇದು ಅಗತ್ಯ ಎಂದು ಕಾಮೆಂಟಿನಲ್ಲಿ ಬರೆದೂ ಇದ್ದಾರೆ. ಆ ಫ್ರೇಮುಗಳು 2 ಸೆಕೆಂಡಿಗೊಮ್ಮೆ ಬರುವುದರಿಂದ 3 ಸೆಕೆಂಡಿನ ಲೆಕ್ಕಕ್ಕೆ ಅಷ್ಟು ಸಾಕಾಗುತ್ತದೆ. ನಿನ್ನ ಪ್ಯಾಚಿನಲ್ಲಿ ಅಂಥದ್ದೊಂದು ಇದೆಯೇ? ಪತ್ರದಲ್ಲಿ ನೀನು ಕಾಪಿ ಮಾಡಿದ ಭಾಗದಲ್ಲಿ ನನಗೆ ಕಾಣಲಿಲ್ಲ.

2023ರಲ್ಲಿ ಸೇರಿದ ಕೆಎಸ್‌ಝಡ್9477 ಎಂಬ ಇನ್ನೊಂದು ಸ್ವಿಚ್ ಚಿಪ್ಪಿನ ಕೋಡಿನಲ್ಲಿ ನನಗೆ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಎರಡು ಪ್ರತಿಗಳು ತೀರ ಹತ್ತಿರದ ಹೊತ್ತಿನಲ್ಲಿ ಎರಡು ಪೋರ್ಟುಗಳಿಗೆ ಬಂದರೆ ಅವು ಒಂದೇ ಎಂದು ಆ ಚಿಪ್ಪಿಗೆ ಗೊತ್ತಾಗದೇ ಹೋಗಬಹುದು, ಹಾಗಾಗಿ ಸಾಫ್ಟ್‌ವೇರಿನ ಜರಡಿಯನ್ನು ತೆಗೆಯುವಂತಿಲ್ಲ ಎಂದು ದೊಡ್ಡ ಕಾಮೆಂಟನ್ನೇ ಬರೆದಿದ್ದಾರೆ. ಡ್ಯೂಪ್ ಮತ್ತು ಫಾರ್ವರ್ಡ್ ಎಂಬ ಎರಡು ಫ್ಲ್ಯಾಗುಗಳನ್ನಷ್ಟೇ ಏರಿಸಿದ್ದಾರೆ, ಟ್ಯಾಗ್ ಹಾಕುವ ತೆಗೆಯುವ ಮಾತನ್ನು ಆಡಿಲ್ಲ. ಎರಡಕ್ಕಿಂತ ಹೆಚ್ಚು ಪೋರ್ಟು ಬಂದರೆ ಆಗದೆಂದು ಹೇಳಿ ಸಾಫ್ಟ್‌ವೇರಿಗೇ ಬಿಟ್ಟುಕೊಡುತ್ತಾರೆ. ಡ್ರೈವರೊಂದು ಆಗದು ಎಂದು ಹೇಳುವ ಜಾಗಗಳನ್ನು ನಾನು ಮೊದಲು ಓದುತ್ತಿದ್ದೆ. ಅಂಥ ಜಾಗ ಒಂದೂ ಇಲ್ಲದ ಪ್ಯಾಚ್ ಬಂದರೆ ಎರಡನೆಯ ಸಲ ಓದುತ್ತಿದ್ದೆ.

ಆ ಹಿರಿಯರ ಮಾತು ಬಿಟ್ಟುಹೋಯಿತು. ಪ್ರತಿ ಸ್ಟೇಷನ್ನಿನಲ್ಲೂ ಒಂದೊಂದೇ ಡಿಸಿ ತೆಗೆದು ಪರೀಕ್ಷಿಸುವುದು ನಿಯಮವಾಗಬೇಕೆಂದು ಅವರು ಬರೆದುಕೊಟ್ಟರು. ಬ್ರೇಕರ್ ತೆರೆಯುತ್ತಿದೆಯಲ್ಲ, ಲೈನನ್ನು ಅಷ್ಟು ಹೊತ್ತು ಬಂದ್ ಇಡುವುದೇಕೆ ಎಂಬ ಉತ್ತರ ಮೇಲಿನಿಂದ ಬಂತು. ನಾನು ಮರುವರ್ಷ ಆ ಕೆಲಸ ಬಿಟ್ಟು ಬೆಂಗಳೂರಿನ ಕಂಪನಿ ಸೇರಿದೆ. ಅಲ್ಲಿ ಸಂವಹನ ಕಾರ್ಡುಗಳಿಗೆ ಬರೆದ ಪರೀಕ್ಷೆಗಳೆಲ್ಲ ಆ ಮಧ್ಯಾಹ್ನ ಅವರ ಜೇಬಿಗೆ ಹೋದ ಫ್ಯೂಸಿನಿಂದಲೇ ಹುಟ್ಟಿದವು. ಅದನ್ನು ಅವರಿಗೆ ಹೇಳಬೇಕೆಂದುಕೊಂಡು ವರ್ಷಗಳು ಕಳೆದವು, ಅವರು ತೀರಿಕೊಂಡ ಸುದ್ದಿ ನನಗೆ ಪತ್ರಿಕೆಯಿಂದ ತಿಳಿಯಿತು. ಇದು ನಿನ್ನ ಪ್ಯಾಚಿಗೆ ಸಂಬಂಧಿಸಿದ್ದಲ್ಲ, ಆದರೂ ಬರೆಯದಿರಲಾಗಲಿಲ್ಲ.

ಇನ್ನು ಹೆಸರು ಹಾಕುವ ವಿಷಯ. ರಿವ್ಯೂಡ್-ಬೈ ಎಂದರೆ ಪ್ಯಾಚನ್ನು ಪರಿಶೀಲಿಸಿದ್ದೇನೆ, ನನಗೆ ತಿಳಿದಮಟ್ಟಿಗೆ ಸರಿಯಿದೆ ಎಂಬ ಹೇಳಿಕೆಯೇ ಹೊರತು ಗ್ಯಾರಂಟಿ ಅಲ್ಲವೆಂದು ಕರ್ನಲ್ ದಾಖಲೆಯಲ್ಲೇ ಇದೆ. ಪರೀಕ್ಷಿಸಿದವರಿಗೆ ಟೆಸ್ಟೆಡ್-ಬೈ ಬೇರೆಯೇ ಇದೆ. ಬೋರ್ಡ್ ಇಲ್ಲದೆ ನೀನು ಅದನ್ನು ಹೊರುವ ಅಗತ್ಯವಿಲ್ಲ. ಇದನ್ನು ಓದಿದರೆ ನಿನ್ನ ಹೆದರಿಕೆ ಹೋಗುತ್ತದೆಯೇ ಎಂದು ಕೇಳಿದರೆ, ನನಗೆ ಹೋಗುತ್ತಿರಲಿಲ್ಲ. ಯಾವುದನ್ನು ನೋಡಿದೆ, ಯಾವುದನ್ನು ನೋಡಲಾಗಲಿಲ್ಲ ಎಂದು ಎರಡು ಸಾಲು ಬರೆದು ಅದರ ಕೆಳಗೆ ಹೆಸರು ಹಾಕಿದರೆ ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತು, ಅಷ್ಟೆ. ಸಮಾಧಾನವಾಗದಿದ್ದರೆ ಹೆಸರು ಹಾಕದೆ ಪ್ರಶ್ನೆಗಳನ್ನಷ್ಟೇ ಕಳಿಸಿ ಬಿಡಲೂಬಹುದು. ನಿನ್ನ ಮ್ಯಾನೇಜರ್ ಅವಸರ ಮಾಡುತ್ತಾರೆಂದು ಬರೆದಿದ್ದೀಯೆ. ಅವರಿಗೆ ಹೇಗೆ ಹೇಳಬೇಕೆಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು, ನಾನು ಅದರಲ್ಲಿ ತಲೆಹಾಕುವುದಿಲ್ಲ.

ಇನ್ನೊಂದು ಸಂದೇಹ ಉಳಿದಿದೆ. ಪೋರ್ಟುಗಳು ರಿಂಗಿಗೆ ಸೇರುವುದು ಒಂದಾದ ಮೇಲೊಂದು. ಎಕ್ಸ್‌ಆರ್‌ಎಸ್700ಎಕ್ಸ್ ಡ್ರೈವರು ಎರಡೂ ಸೇರುವವರೆಗೆ ಚಿಪ್ಪಿನಲ್ಲಿ ಏನನ್ನೂ ಆನ್ ಮಾಡುವುದಿಲ್ಲ. ನೀನು ಕಳಿಸಿದ ತುಣುಕಿನಲ್ಲಿ ಮೊದಲ ಪೋರ್ಟು ಸೇರಿದಾಗಲೇ ಫ್ಲ್ಯಾಗ್ ಏರುವಂತೆ ಕಾಣುತ್ತದೆ, ಮತ್ತು ಎರಡನೆಯದು ಸೇರುವಾಗ ಎರರ್ ಬಂದರೆ ಆ ಫ್ಲ್ಯಾಗನ್ನು ಇಳಿಸುವ ಸಾಲು ಎಲ್ಲಿದೆಯೆಂದು ನನಗೆ ಸಿಗಲಿಲ್ಲ. ಪೋರ್ಟು ರಿಂಗನ್ನು ಬಿಡುವಾಗ ಓಡುವ ಲೀವ್ ಫಂಕ್ಷನ್ ಪೂರ್ತಿ ಇದ್ದರೆ ಅದರ ಪ್ರತಿಯನ್ನು ಕಳಿಸು. ನನಗೆ ಸ್ಕ್ರೀನಿನ ಮೇಲೆ ಓದುವುದು ಕಷ್ಟ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ನಿನ್ನ ಅಪ್ಪನ ಕೈಯಲ್ಲಿ ಕೊಟ್ಟುಬಿಡು. ಅವರು ಭಾನುವಾರ ಈ ಕಡೆ ಬರುವವರಿದ್ದಾರೆ.

ಇತಿ,
ನಿನ್ನ ಮಾವ